ಚೀಲ ತಲುಪಿಸುವ ಹೊಣೆ ಯಾರದು?

ದೆಹಲಿಯ ನಮ್ಮ ಸರ್ಕಾರಿ ವಸತಿಗೃಹದ ನಡುಮನೆಯ ಒಂದು ಗೋಡೆ ನಾಲ್ಕು ವರ್ಷಗಳಿಂದ ರಟ್ಟಿನ ಪೆಟ್ಟಿಗೆಗಳ ಹಿಂದೆ ಮರೆಯಾಗಿದೆ. ಅತ್ತೆಯವರ ಮೂತ್ರಪಿಂಡಗಳು ಸೋತ ಮೇಲೆ ಮನೆಯಲ್ಲೇ ಪೆರಿಟೋನಿಯಲ್ ಡಯಾಲಿಸಿಸ್ ನಡೆಯುತ್ತಿದೆ. ಹೊಟ್ಟೆಗೆ ಅಳವಡಿಸಿದ ನಳಿಕೆಯ ಮೂಲಕ ಎರಡು ಲೀಟರ್ ಗ್ಲೂಕೋಸ್ ದ್ರಾವಣವನ್ನು ಒಳಗೆ ಬಿಡಬೇಕು. ಕೆಲವು ಗಂಟೆಗಳ ನಂತರ, ರಕ್ತದ ಕಲ್ಮಶವನ್ನು ಸೆಳೆದುಕೊಂಡ ಅದನ್ನು ಹೊರಹರಿಸಿ ಹೊಸ ಚೀಲ ಜೋಡಿಸಬೇಕು. ದಿನಕ್ಕೆ ನಾಲ್ಕು ಬಾರಿಯೆಂದರೆ ತಿಂಗಳಿಗೆ 120 ಚೀಲಗಳು, ಸುಮಾರು 240 ಕಿಲೋ ಭಾರ. ಸಂಜೆ ಔಷಧದಂಗಡಿಗೆ ಹೋಗಿ ತಂದುಕೊಳ್ಳುವ ವಸ್ತುವಲ್ಲ ಇದು.

ಕಳೆದ ಮಳೆಗಾಲದಲ್ಲಿ ಸರಬರಾಜು ಹನ್ನೊಂದು ದಿನ ತಡವಾಯಿತು. ಮುನ್ಸೂಚನೆಯಿರಲಿಲ್ಲ. "ಮೇಲಿಂದಲೇ ಬಂದಿಲ್ಲ" ಎಂದಷ್ಟೇ ವಿತರಕರು ಹೇಳಿದರು. ವೈದ್ಯರನ್ನು ಕೇಳಿಕೊಂಡು ನಾಲ್ಕು ಬಾರಿಯನ್ನು ಮೂರಕ್ಕಿಳಿಸಿದೆವು. ಅತ್ತೆಯವರ ಪಾದಗಳು ಊದಿಕೊಂಡವು. ಬೇರೊಂದು ಕಂಪನಿಯ ಚೀಲ ದೊರೆತರೂ ಅದರ ತುದಿ ನಮ್ಮ ನಳಿಕೆಗೆ ಕೂಡಲಿಲ್ಲ. ಕೊನೆಗೆ ಇನ್ನೊಬ್ಬ ರೋಗಿಯ ಮನೆಯವರು ತಮ್ಮ ಪಾಲಿನಿಂದ ಹತ್ತು ಚೀಲ ಕೊಟ್ಟರು. "ನಾಳೆ ಅವರಿಗೇ ಸಾಲದೆ ಹೋದರೆ?" ಎಂದು ಅತ್ತೆಯವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಕಾನೂನೇ ಇಲ್ಲವೆಂದಲ್ಲ. ಈ ದ್ರಾವಣ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ಪಟ್ಟಿಯಲ್ಲಿರುವ ಔಷಧವನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳುವ ತಯಾರಕರು ಆರು ತಿಂಗಳು ಮೊದಲೇ ಸರ್ಕಾರಕ್ಕೂ ಸಾರ್ವಜನಿಕರಿಗೂ ತಿಳಿಸಬೇಕು. ಆದರೆ ಈ ನಿಯಮ ಶಾಶ್ವತವಾಗಿ ನಿಲ್ಲಿಸುವವರಿಗೆ. ಹನ್ನೊಂದು ದಿನ ನಿಲ್ಲಿಸುವವರಿಗಲ್ಲ. ರೋಗಿಯ ದೇಹಕ್ಕೆ ಈ ಭೇದ ತಿಳಿಯದು.

ಇಂಥ ಕೊರತೆ ಶ್ರೀಮಂತ ದೇಶಗಳನ್ನೂ ಬಿಟ್ಟಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತದಿಂದ ಉತ್ತರ ಕೆರೊಲಿನಾದ ಒಂದೇ ಕಾರ್ಖಾನೆಗೆ ನೀರು ನುಗ್ಗಿದಾಗ ಅಮೆರಿಕದಾದ್ಯಂತ ಈ ದ್ರಾವಣಕ್ಕೆ ಅಭಾವವುಂಟಾಯಿತು. ಆದರೆ ಅಲ್ಲಿ ಕೊರತೆಯನ್ನು ಬಹಿರಂಗವಾಗಿ ಘೋಷಿಸಿದರು. ಹೊರದೇಶದ ಕಾರ್ಖಾನೆಗಳಿಂದ ತಾತ್ಕಾಲಿಕ ಆಮದಿಗೆ ಅನುಮತಿಯಿತ್ತರು.

ನಿರ್ಬಂಧ ಹೆಚ್ಚಾದರೆ ಇರುವ ಕೆಲವೇ ತಯಾರಕರೂ ದೂರ ಸರಿಯುತ್ತಾರೆಂಬ ವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕಲಾರೆವು. ಆದ್ದರಿಂದಲೇ ನಾವು ಕೇಳುವುದು ಮತ್ತಷ್ಟು ಬೆಲೆ ಕಡಿತವನ್ನಲ್ಲ. ಸರಬರಾಜು ತಡವಾಗುವುದು ಗೊತ್ತಾದೊಡನೆ ರೋಗಿಗೂ ಆಸ್ಪತ್ರೆಗೂ ತಿಳಿಸುವುದು ಕಡ್ಡಾಯವಾಗಲಿ. ಪ್ರತಿ ರಾಜ್ಯದಲ್ಲಿ ಒಂದು ತಿಂಗಳ ದಾಸ್ತಾನಿರಲಿ. ಅದರ ವೆಚ್ಚವನ್ನು ಸರ್ಕಾರವೇ ಭರಿಸಲಿ. ಒಂದು ಕಂಪನಿಯ ಚೀಲ ಇನ್ನೊಂದರ ನಳಿಕೆಗೆ ಹೊಂದುವಂತೆ ಜೋಡಣೆಗೆ ಒಂದೇ ಮಾನಕವಿರಲಿ.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಮೊದಲು ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರಗಳನ್ನು ತಂದಿತು. 2019ರಲ್ಲಿ ಮನೆಯ ಡಯಾಲಿಸಿಸ್‌ಗೂ ಮಾರ್ಗಸೂಚಿ ಹೊರಟಿತು. ಆಸ್ಪತ್ರೆಯಿಂದ ದೂರದ ಹಳ್ಳಿಯವರಿಗೆ ಇದು ನಿಜವಾದ ವರ. ಆದರೆ ರೋಗಿಯನ್ನು ಮನೆಗೆ ಕಳುಹಿಸುವ ವ್ಯವಸ್ಥೆ, ಚೀಲವನ್ನೂ ಮನೆಗೆ ತಲುಪಿಸುವ ಹೊಣೆ ಹೊರಬೇಕು.

ಸರ್ಕಾರಿ ನೌಕರರಾದ ನಮಗೆ ಕಡತದ ನಡಿಗೆ ಗೊತ್ತು. ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಲು ವಾರ ಹಿಡಿದರೆ ಯಾರೂ ಬೆರಗಾಗುವುದಿಲ್ಲ. ನಮ್ಮ ನಡುಮನೆಯಲ್ಲಿ ಮಾತ್ರ ಅತ್ತೆಯವರು ಪ್ರತಿದಿನ ಬೆಳಗ್ಗೆ ಪೆಟ್ಟಿಗೆಗಳನ್ನು ಎಣಿಸುತ್ತಾರೆ.