ಲಸಿಕೆಯ ಚಿಪ್ಪು, ಮಂಜುಗಡ್ಡೆಯ ಪೆಟ್ಟಿಗೆ

ಸೂಜಿ ಮಾಡಿಸಿದರೂ ದನಕ್ಕೆ ಕಾಲುಬಾಯಿ ಬೇನೆ ಬಂತೆಂಬ ದೂರು ಬಾದಾಮಿಯ ಗುಡ್ಡದ ಊರುಗಳಿಗೂ ಹುನಗುಂದ, ಇಳಕಲ್ ಕಡೆಯ ಹೊಲಗೇರಿಗಳಿಗೂ ಹೊಸದಲ್ಲ. ಇದನ್ನು ರೈತರ ಅಜ್ಞಾನವೆಂದು ತಳ್ಳಿಹಾಕುವುದು ಸಲ್ಲದು. ದೂರಿಗೆ ಉತ್ತರ ಬಹುಮಟ್ಟಿಗೆ ಆ ವೈರಾಣುವಿನ ಮೈಕಟ್ಟಿನಲ್ಲಿಯೇ ಇದೆ.

ಈ ವೈರಾಣುವಿನ ಅಡ್ಡಳತೆ ಒಂದು ಮಿಲಿಮೀಟರಿನ ಲಕ್ಷದಲ್ಲಿ ಸುಮಾರು 3 ಪಾಲು. ಒಳಗೆ ಒಂದೆಳೆಯ ಆರ್‌ಎನ್‌ಎ, ಹೊರಗೆ ಪ್ರೋಟೀನಿನ ಚಿಪ್ಪು. ಐದು ಮೂಲೆಯ 12 ತುಣುಕುಗಳು ಅಂಚಿಗೆ ಅಂಚು ಕೂಡಿ ಈ ಚಿಪ್ಪಾಗುತ್ತದೆ. ಇದರ ವಿವರವಾದ ರಚನೆಯನ್ನು ಆಕ್ಸ್‌ಫರ್ಡಿನ ವಿಜ್ಞಾನಿಗಳು 1989ರಲ್ಲಿ ಎಕ್ಸ್-ಕಿರಣಗಳಿಂದ ಕಂಡುಕೊಂಡರು. ಲಸಿಕೆಯಲ್ಲಿರುವುದು ಕೊಂದ ವೈರಾಣು; ಆದರೆ ಅದರ ಚಿಪ್ಪು ಇಡಿಯಾಗಿರಬೇಕು. ತಾಪ ಏರಿದರೆ, ಹುಳಿ ತಾಗಿದರೆ ತುಣುಕುಗಳು ಬಿಡಿಬಿಡಿಯಾಗುತ್ತವೆ. ಒಡೆದ ಗಡಿಗೆಯ ಬೋಕಿಗಳು ನೀರು ಹಿಡಿಯಲಾರವು; ಬಿಡಿಯಾದ ತುಣುಕುಗಳೂ ದನದ ಮೈಯಲ್ಲಿ ಸಾಕಷ್ಟು ರಕ್ಷಣೆ ಹುಟ್ಟಿಸಲಾರವು. ಸೀಸೆಯನ್ನು ನೋಡಿದರೆ ಈ ಹಾನಿ ಕಣ್ಣಿಗೆ ಕಾಣುವುದೇ ಇಲ್ಲ.

ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಲೂ ಬಾರದು. ಬಾಗಲಕೋಟೆಯ ಬೇಸಿಗೆಯೋ 40 ಡಿಗ್ರಿ ದಾಟುವಂಥದು. ಕರೆಂಟು ಹೋದ ಮಧ್ಯಾಹ್ನ ಶೀತಪೆಟ್ಟಿಗೆಯ ಗತಿಯೇನು?

ತಂಪೊಂದೇ ಕಾರಣವೆನ್ನುವಂತಿಲ್ಲ. ಭಾರತದ ಲಸಿಕೆಯಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಬಗೆಗಳಿವೆ. ಚಿಪ್ಪಿನ ಹೊರಮೈ ಬದಲಾದಂತೆ ಹಳೆಯ ಲಸಿಕೆಯ ಹಿಡಿತ ಸಡಿಲಾಗುತ್ತದೆ. ಒಂದು ಬಗೆಯ ರಕ್ಷಣೆ ಇನ್ನೊಂದಕ್ಕೆ ಒದಗದು. 2013ರಲ್ಲಿ ಇದೇ ಬೇನೆ ಕರ್ನಾಟಕದಲ್ಲಿ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡಿತ್ತು.

ಅದೇ 2013ರಲ್ಲಿ ಬ್ರಿಟನ್ನಿನ ಸಂಶೋಧಕರು ಆರ್‌ಎನ್‌ಎ ಇಲ್ಲದ ಬರಿಯ ಚಿಪ್ಪನ್ನು ತಯಾರಿಸಿ, ತುಣುಕುಗಳ ನಡುವೆ ಗಂಧಕದ ಬೆಸುಗೆ ಹಾಕಿ, ತಾಪಕ್ಕೆ ಸುಲಭವಾಗಿ ಒಡೆಯದಂತೆ ಮಾಡಿ ತೋರಿಸಿದರು. ಜೀವಂತ ವೈರಾಣುವನ್ನು ಬೆಳೆಸುವ ಅಪಾಯವೂ ಇದರಲ್ಲಿಲ್ಲ. ಬಿಸಿಲುನಾಡಿಗೆ ಬೇಕಾದುದು ಇಂಥದೇ. ಸಾರ್ವಜನಿಕ ಹಣದ ಸಂಶೋಧನೆ ಮೊದಲು ಇತ್ತ ಹರಿಯಬೇಕು.

ಅಲ್ಲಿಯವರೆಗೆ ಮಂಜುಗಡ್ಡೆಯ ಪೆಟ್ಟಿಗೆಯೇ ಗತಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಎಷ್ಟು ದನಗಳಿಗೆ ಸೂಜಿಯಾಯಿತೆಂದು ಲೆಕ್ಕವಿಡುತ್ತದೆ. ಆ ಲೆಕ್ಕದ ಪಕ್ಕದಲ್ಲಿ ಪೆಟ್ಟಿಗೆಯ ತಾಪಮಾನವನ್ನೂ ಊರವರಿಗೆ ಓದಿ ಹೇಳಲಿ. ಕಾಲೇಜು ವಿದ್ಯಾರ್ಥಿಗಳು ತಾಪಮಾಪಕ ಹಿಡಿದು ಲಸಿಕಾ ತಂಡದ ಜೊತೆಗೆ ಹೋಗಬಹುದು. ಸೂಜಿ ಬೆಳಗಿನ ತಂಪಿನಲ್ಲೇ ಆಗಲಿ. ಬಾದಾಮಿ ಬನಶಂಕರಿಯ ಜಾತ್ರೆಗೆ ದನ ಹೊಡೆದುಕೊಂಡು ಹೋಗುವವರು ಒಂದು ತಿಂಗಳು ಮೊದಲೇ ಮಾಡಿಸಿಕೊಳ್ಳಲಿ, ರಕ್ಷಣೆ ಮೈಗೂಡಲು ವಾರಗಳೇ ಬೇಕು.