ಬಾವಿಯ ಗೋಡೆ ಏರಿದವರ ಪಾಲು

ನಮ್ಮ ಅಬ್ಬಿಗೇರಿಯ ಚಹಾದಂಗಡಿಯಲ್ಲಿ ಹುಡುಗನೊಬ್ಬ ಮೊಬೈಲು ಮುಂದೆ ಹಿಡಿದು, 'ಕಾಕಾ, ಇದು ನಮ್ಮ ಬನಶಂಕರಿ ಜಾತ್ರ್ಯಾಗಿನ ಬಾವಿ ಅಲ್ಲೇನ್ರಿ?' ಎಂದು ಕೇಳಿದ. ಅದು 'ಬಿಗ್ ಡಾಗ್ಸ್' ಎಂಬ ರ‍್ಯಾಪ್ ಹಾಡು. ಬಾವಿ ಬನಶಂಕರಿಯದಲ್ಲ, ಕೇರಳದ ಪೊನ್ನಾನಿಯದು. ಆದರೂ ಹುಡುಗನ ಮಾತು ಪೂರ್ತಿ ತಪ್ಪಲ್ಲ. ಹಲಗೆ ಜೋಡಿಸಿ ಕಟ್ಟಿದ ಅದೇ ದುಂಡನೆಯ ಗೋಡೆ, ಅದೇ ಮೋಟಾರ್ ಸೈಕಲ್ಲಿನ ಅಬ್ಬರ. ಅಬ್ಬಾನ ಕೈಹಿಡಿದು ಜಾತ್ರೆಗೆ ಹೋದಾಗ ನಾವು ಬೆರಗಾಗಿ ನೋಡಿದ 'ಮೌತ್ ಕಾ ಕುಂವಾ' ಇದೇ.

ಈ ಹಾಡು ಹೊರಬಂದದ್ದು 2024ರ ಜುಲೈ 9ರಂದು. ಹಾಡಿದವರು ಹನುಮಾನ್‌ಕೈಂಡ್ ಎಂದು ಹೆಸರಿಟ್ಟುಕೊಂಡ ಸೂರಜ್ ಚೆರುಕಾಟ್. ಹುಟ್ಟಿದ್ದು ಕೇರಳದಲ್ಲಿ, ಬಾಲ್ಯದ ಬಹುಭಾಗ ಕಳೆದದ್ದು ಅಮೆರಿಕದ ಹ್ಯೂಸ್ಟನ್‌ನಲ್ಲಿ, ರ‍್ಯಾಪರ್ ಆಗಿ ಬೆಳೆದದ್ದು ನಮ್ಮ ಬೆಂಗಳೂರಿನಲ್ಲಿ. ಸಂಗೀತ ಕಲ್ಮಿಯವರದು, ದೃಶ್ಯದ ನಿರ್ದೇಶನ ಬಿಜೋಯ್ ಶೆಟ್ಟಿಯವರದು. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಅದು 23ನೆಯ ಸ್ಥಾನದವರೆಗೆ ಏರಿತು.

ಈ ಏರಿಕೆಗೆ ಹಾಡಿನ ಮಾತು, ತಾಳಗಳಷ್ಟೇ ಕಾರಣವೆ? ಅಲ್ಲವೆಂದು ನಾವು ಹೇಳುತ್ತೇವೆ. ಲಂಬವಾದ ಗೋಡೆಯ ಮೇಲೆ ಕಾರು, ಬೈಕುಗಳು ಸುತ್ತುತ್ತವೆ. ನಡುವೆ ನಿಂತು ಗಾಯಕ ಹಾಡುತ್ತಾನೆ. ವೇಗವಿದ್ದರೆ ಮಾತ್ರ ಚಕ್ರ ಗೋಡೆಯನ್ನು ಒತ್ತುತ್ತದೆ, ಒತ್ತಿದರೆ ಮಾತ್ರ ಹಿಡಿತ ಸಿಗುತ್ತದೆ. ವೇಗ ತಗ್ಗಿತೋ, ಸವಾರ ನೆಲಕ್ಕೆ. ಆ ಸವಾರರು ಜಾತ್ರೆಯಿಂದ ಜಾತ್ರೆಗೆ ಗಂಟುಮೂಟೆ ಕಟ್ಟಿಕೊಂಡು ಅಲೆಯುವ ಜನ. ಹಾಡಿನ ಅರ್ಧ ಕೀರ್ತಿ ಅವರದು.

ಮೊದಲು ನಮ್ಮ ಮನೆಯ ಮಾತು. ನಮ್ಮ ಹಿರಿಯರಲ್ಲಿ ಕೆಲವರು ಇದನ್ನು ಬಾಯಿಬಡುಕರ ಗದ್ದಲವೆಂದು ತಳ್ಳಿಹಾಕುತ್ತಾರೆ. ಹಾಡಿನಲ್ಲಿ ಹೊಲಸು ಮಾತುಗಳಿವೆ, ಬಡಾಯಿಯೂ ಇದೆ. ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಹಿಪ್ ಹಾಪ್ ಹುಟ್ಟಿದ್ದು 1973ರ ಸುಮಾರಿಗೆ, ನ್ಯೂಯಾರ್ಕಿನ ಬ್ರಾಂಕ್ಸ್‌ನ ಬಡ ಕರಿಯರ, ಲ್ಯಾಟಿನೋಗಳ ಕೇರಿಗಳಲ್ಲಿ. ಮೊಹರಮ್ಮಿನ ರಿವಾಯತ ಪದಗಳಿಗೆ, ಲಾವಣಿಯ ಸವಾಲ್ ಜವಾಬಿಗೆ ಕಿವಿಗೊಟ್ಟು ಬೆಳೆದ ನಮಗೆ, ತಾಳದ ಮೇಲೆ ಮಾತು ಹೊಸೆಯುವ ಬಡವರ ವಿದ್ಯೆ ಅಪರಿಚಿತವೆ? ಹೊಲಸನ್ನು ಖಂಡಿಸೋಣ, ವಿದ್ಯೆಯನ್ನು ಹೀಯಾಳಿಸುವುದು ಬೇಡ.

ಇನ್ನು ಹಾಡಿನ ಹೆಸರಿನಲ್ಲಿ ದೇಶಾಭಿಮಾನದ ಎದೆ ಉಬ್ಬಿಸುವವರ ಮಾತು. 2024ರ ಸೆಪ್ಟೆಂಬರ್ 22ರಂದು ನ್ಯೂಯಾರ್ಕಿನ ಸಭೆಯಲ್ಲಿ ಪ್ರಧಾನಿಯವರೇ ಈ ಗಾಯಕನನ್ನು ಅಪ್ಪಿಕೊಂಡರು. ಸಂತೋಷವೇ. ಆದರೆ ಆ ಹಾಡಿಗೆ ಜೀವ ತುಂಬಿದ ಬಾವಿ ನಿಲ್ಲುವುದು ಎಲ್ಲಿ? ಜಾತ್ರೆಯ ಬಯಲಿನಲ್ಲಿ, ಉರೂಸಿನ ಬಯಲಿನಲ್ಲಿ. ಆ ಬಯಲಿಗೆ ನಮ್ಮ ನಾಡಿನಲ್ಲೇ ಏನಾಯಿತು? 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಗುಡಿಯಲ್ಲಿ, ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎನ್ನಲಾಯಿತು. ಪ್ರಶ್ನೆ ಎದ್ದಾಗ ಸರಕಾರ ಸದನದಲ್ಲಿ 2002ರ ಧಾರ್ಮಿಕ ದತ್ತಿ ನಿಯಮಗಳನ್ನು ಮುಂದೆ ಮಾಡಿತು. ದೇವಸ್ಥಾನದ ಹತ್ತಿರದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದೆಂಬುದು ಆ ನಿಯಮ. ನಾಲ್ಕು ದಿನ ಬಳೆ, ಬೆಂಡು ಬತ್ತಾಸು, ಆಟಿಕೆ ಮಾರಿ ಮನೆಗೆ ಹೋಗುವವನು ಯಾವ ಕಟ್ಟಡದ ಗುತ್ತಿಗೆ ಕೇಳಿದ್ದ?

ಬಾವಿಯ ಅಂಚಿನಲ್ಲಿ ನಿಂತ ಜನ ನೋಟು ಚಾಚುತ್ತಾರೆ. ಸವಾರ ಕೈ ಬಿಟ್ಟು ಬಂದು ಅದನ್ನು ಕಸಿದುಕೊಂಡು ಹೋಗುತ್ತಾನೆ. ಕೊಟ್ಟವನ ಜಾತಿ ಅವನು ಕೇಳುವುದಿಲ್ಲ, ಅವನ ಧರ್ಮವನ್ನು ಕೊಟ್ಟವನು ಕೇಳುವುದಿಲ್ಲ. ಜಾತ್ರೆ ಎಂದರೆ ಇದೇ. ಇದನ್ನು ಪರದೆಯ ಮೇಲೆ ಕಂಡು ಚಪ್ಪಾಳೆ ತಟ್ಟುವುದು, ಬಯಲಿನಲ್ಲಿ ಕಂಡರೆ ಹೆಸರು ಕೇಳಿ ಹೊರಗಟ್ಟುವುದು ಯಾವ ಸೀಮೆಯ ಅಭಿಮಾನ?

ನಾವು ಕೇಳುವುದು ಹೆಚ್ಚೇನೂ ಅಲ್ಲ. ಗುತ್ತಿಗೆಯ ನಿಯಮವನ್ನು ಜಾತ್ರೆಯ ಅಂಗಡಿಗಳಿಗೆ ಎಳೆದು ತರುವುದು ನಿಲ್ಲಲಿ. ಬಾವಿಗೆ ಪರವಾನಗಿ ಕೊಡುವ ಅಧಿಕಾರಿಗಳು ಹಲಗೆ, ಮೊಳೆಗಳ ಗಟ್ಟಿತನ ನೋಡಲಿ, ಸವಾರರಿಗೆ ವಿಮೆ ಇದೆಯೇ ಎಂದು ಕೇಳಲಿ. ಆಟ ನಡೆಯುವಷ್ಟು ಹೊತ್ತು ಒಂದು ಆಂಬುಲೆನ್ಸ್ ಪಕ್ಕದಲ್ಲಿರಲಿ. ಈ ಮಾತು ಜಾತ್ರಾ ಸಮಿತಿಗಳಿಗೆ ಎಷ್ಟೋ, ನಮ್ಮ ಉರೂಸ್ ಸಮಿತಿಗಳಿಗೂ ಅಷ್ಟೇ. ಜಾಗದ ಬಾಡಿಗೆ ಎಣಿಸಿಕೊಳ್ಳುವಾಗ ನಾವೂ ಸವಾರನ ಜೀವದ ಬಗ್ಗೆ ಯೋಚಿಸಿದವರಲ್ಲ.

ಚಹಾದಂಗಡಿಯ ಹುಡುಗ ಜಾತ್ರೆಯ ಬಾವಿಯನ್ನು ತನ್ನದೆಂದೇ ಗುರುತಿಸಿದ. ಅದರೊಳಗೆ ಗಾಡಿ ಓಡಿಸುವವರನ್ನೂ ತನ್ನವರೆಂದು ಅವನಿಗೆ ಹೇಳಿಕೊಡುವವರು ಯಾರು? ನಾವೂ ನೀವೂ ಅಲ್ಲವೆ?