ರಾಗಿ ಮುದ್ದೆಯೋ, ಕೋಳಿ ಪುಕ್ಕವೋ?

"ರಾಗಿ ಮುದ್ದೆಗೆ ಓಡಿ ಬರೋ ಮೀನಿಗೆ ಪುಕ್ಕ ಕಟ್ಕೊಂಡು ಯಾಕ್ ಒದ್ದಾಡ್ತೀಯಾ ಗುರು?" ಹುಣಸೂರಿನ ಗೆಳೆಯರು ನನ್ನನ್ನು ಕೇಳುವ ಮಾಮೂಲಿ ಪ್ರಶ್ನೆ ಇದು. ಪ್ರತಿ ಸಲ ನಕ್ಕು ಸುಮ್ಮನಾಗುತ್ತಿದ್ದೆ. ಈ ಸಲ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಮೊದಲೇ ಒಂದು ಮಾತು. ಊಟಕ್ಕೆ ಮೀನು ಹಿಡಿಯುವವರ ಮೇಲೆ ನನ್ನ ತಕರಾರಿಲ್ಲ. ಲಕ್ಷ್ಮಣತೀರ್ಥದಲ್ಲೋ ಕೆರೆ ಕೋಡಿಯಲ್ಲೋ ಎರೆಹುಳು ಸಿಕ್ಕಿಸಿ ನಾಲ್ಕು ಗೆಂಡೆ, ಜಿಲೇಬಿ ಹಿಡಿದು ಸಾರಿಗೆ ಒಯ್ಯುವವರಿಗೆ ಪಾಠ ಹೇಳಲು ನಾನ್ಯಾರು? ನಾನು ಹೇಳುತ್ತಿರುವುದು ನನ್ನಂಥ ಶೋಕಿಲಾಲರಿಗೆ. ಭಾನುವಾರ ಬೈಕಿಗೆ ರಾಡು ಕಟ್ಟಿಕೊಂಡು ಪಿರಿಯಾಪಟ್ಟಣದ ಗಡಿಯ ಕಾವೇರಿಗೋ, ಕೆ.ಆರ್.ನಗರ ಕಡೆಯ ಚುಂಚನಕಟ್ಟೆಗೋ ಹೋಗಿ, ಮೀನು ಹಿಡಿದು, ಫೋಟೋ ತೆಗೆಸಿಕೊಂಡು, ವಾಪಸ್ ನೀರಿಗೆ ಬಿಡುತ್ತೇವಲ್ಲ, ನಮಗೆ.

ಈ ಪುಕ್ಕದ ಕಥೆ ಏನು ಅಂದರೆ.. ಇಂಗ್ಲಿಷಿನವರು ಇದಕ್ಕೆ ಫ್ಲೈ ಅಂತಾರೆ. ನೊಣ ಅಲ್ಲ, ಗಾಳಕ್ಕೆ ದಾರದಲ್ಲಿ ಪುಕ್ಕ ಸುತ್ತಿ ಕಟ್ಟಿದ ಹುಸಿ ಹುಳ. ಅದರಲ್ಲಿ ಮರಬೂ ಅನ್ನೋದು ಒಂದು ಜಾತಿ. ಹೆಸರು ಆಫ್ರಿಕಾದ ಮರಬೂ ಕೊಕ್ಕರೆಯದ್ದು, ಆದರೆ ಈಗ ಕಟ್ಟುವುದು ಟರ್ಕಿ ಕೋಳಿಯ ಮೆತ್ತನೆ ಪುಕ್ಕದಲ್ಲಿ. ಒಣಗಿದ್ದಾಗ ಹತ್ತಿಯ ಉಂಡೆ ಥರ ಕಾಣುತ್ತೆ, ನೀರಿಗೆ ಬಿದ್ದ ಕೂಡಲೇ ಉಸಿರಾಡಿದ ಹಾಗೆ ಅಲುಗಾಡುತ್ತೆ. ಅಲಾಸ್ಕಾ, ಕೆನಡಾ ಕಡೆ ಸಾಲ್ಮನ್ ಹಿಡಿಯುವವರಿಗೆ ಇದರ ಮೇಲೆ ಬಹಳ ಪ್ರೀತಿ.

ಆದರೆ ಅವರ ಬಣ್ಣ ನೋಡಿ ನಾವು ಕಟ್ಟಿದರೆ ಆಗಲ್ಲ. ಸಾಲ್ಮನ್ ಮೊಟ್ಟೆ ಇಡಲು ಸಮುದ್ರದಿಂದ ನದಿಗೆ ಹತ್ತುವಾಗ ತಿನ್ನುವುದನ್ನೇ ಹೆಚ್ಚುಕಮ್ಮಿ ಬಿಟ್ಟಿರುತ್ತೆ. ಅದಕ್ಕೇ ಕಣ್ಣು ಕುಕ್ಕುವ ಗುಲಾಬಿ ಬಣ್ಣಕ್ಕೂ ರೇಗಿ ಬಾಯಿ ಹಾಕುತ್ತೆ. ನಮ್ಮ ಬಿಳಿಮೀನು, ಅಂದರೆ ಮಶೀರ್, ಹಾಗಲ್ಲ. ಅದು ಊಟಕ್ಕೆ ಬರುವ ಮೀನು. ಸಣ್ಣ ಮೀನು, ಏಡಿ, ಬಸವನಹುಳು, ದಡದ ಮರದಿಂದ ಉದುರಿದ ಅತ್ತಿಹಣ್ಣು, ಎಲ್ಲ ತಿನ್ನುತ್ತೆ. ಹಾಗಾಗಿ ನೀರು ತಿಳಿಯಾಗಿದ್ದಾಗ ನಾನು ಪಾಚಿ ಹಸಿರು ಅಥವಾ ಕಂದು ಆರಿಸುತ್ತೇನೆ. ಕೆನ್ನೀರಿದ್ದರೆ ಕಪ್ಪು, ಯಾಕೆಂದರೆ ಕದಡಿದ ನೀರಲ್ಲಿ ಕಪ್ಪು ನೆರಳು ಎದ್ದು ಕಾಣುತ್ತೆ. ಸೆಳೆತ ಜೋರಾಗಿದ್ದರೆ ಬರೀ ಮರಬೂ ಒದ್ದೆ ಬತ್ತಿಯ ಹಾಗೆ ಅಂಟಿಕೊಳ್ಳುತ್ತೆ, ಮುಂದೆ ಎರಡು ಸುತ್ತು ಹುಂಜದ ಕತ್ತಿನ ಗಟ್ಟಿ ಪುಕ್ಕ ಬೇಕು. ನಾಟಿ ಕೋಳಿಯ ತೊಡೆಯ ಹತ್ತಿರದ ಮೆತ್ತನೆ ಪುಕ್ಕದಲ್ಲೂ ಕೆಲಸ ನಡೆಯುತ್ತೆ, ದುಡ್ಡು ಕೊಟ್ಟು ತರಿಸಬೇಕಿಲ್ಲ :) ಹೊಳೆಗೆ ಅಡ್ಡಲಾಗಿ ಎಸೆದು, ಸೆಳೆತಕ್ಕೆ ಬಿಟ್ಟು, ತುದಿಗೆ ಬಂದಾಗ ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳೋದು.

ಇಷ್ಟೆಲ್ಲ ಮಾಡಿದರೂ ರಾಗಿಗೆ ಬೀಳುವಷ್ಟು ಮೀನು ಪುಕ್ಕಕ್ಕೆ ಬೀಳಲ್ಲ. ಒಪ್ಪಿದೆ. ಬೇಯಿಸಿದ ರಾಗಿ ಹಿಟ್ಟಿನ ಉಂಡೆ ಕಾವೇರಿಯಲ್ಲಿ ಮಶೀರ್ ಹಿಡಿಯುವವರ ಬ್ರಹ್ಮಾಸ್ತ್ರ, ವಿದೇಶದಿಂದ ಬಂದ ಘಟಾನುಘಟಿಗಳೂ ಅದಕ್ಕೇ ಶರಣಾದರು. ಆದರೆ ಉಂಡೆ ತಳದಲ್ಲಿ ಸುಮ್ಮನೆ ಕೂತಿರುತ್ತೆ. ಮೀನು ನಿಧಾನಕ್ಕೆ ಬಾಯೊಳಗೆ ಎಳೆದುಕೊಳ್ಳುತ್ತೆ. ನಮಗೆ ಗೊತ್ತಾಗುವಷ್ಟರಲ್ಲಿ ಗಾಳ ಗಂಟಲ ಹತ್ತಿರ ಹೋಗಿರಬಹುದು. ಓಡುವ ಪುಕ್ಕವನ್ನು ಮೀನು ಅಟ್ಟಿಸಿಕೊಂಡು ಬಂದು ಹಿಡಿಯುತ್ತೆ, ಸಾಮಾನ್ಯವಾಗಿ ಗಾಳ ತುಟಿಗೋ ಬಾಯಂಚಿಗೋ ಕಚ್ಚಿಕೊಳ್ಳುತ್ತೆ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟಿದ್ದರೆ ನೀರಲ್ಲೇ ಬಿಡಿಸಿ ಕಳಿಸಬಹುದು. ಕೈ ಪಳಗಿದವರು ದಾರ ಬಿಗಿಯಾಗಿ ಹಿಡಿದು ರಾಗಿಯಲ್ಲೂ ತುಟಿಗೇ ಸಿಕ್ಕಿಸುತ್ತಾರೆ, ನಿಜ. ಆದರೆ ಅಂಥವರು ನಮ್ಮಲ್ಲಿ ಎಷ್ಟು ಜನ?

"ಒಂದು ಮೀನು ಹೋದ್ರೆ ಏನೀಗ?" ಅಂತೀರಾ? ಹಾಗಾದರೆ ಈ ಲೆಕ್ಕ ನೋಡಿ.

ಕಾವೇರಿಯ ಕೆಳಭಾಗದ ಗಾಳಿಬೋರೆ ಕ್ಯಾಂಪಿನಲ್ಲಿ ಗಾಳ ಹಾಕಿದವರು 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕ ಬರೆದಿಟ್ಟಿದ್ದರು. 23,620 ಗಂಟೆ ಗಾಳ, 6,161 ಮಶೀರ್. ಸುಮಾರು ನಾಲ್ಕು ಗಂಟೆಗೆ ಒಂದು. ವರ್ಷ ಕಳೆದಂತೆ ಬೀಳುವ ಮೀನಿನ ಸಂಖ್ಯೆ ಹೆಚ್ಚುತ್ತಾ ಹೋಯಿತು. ಹೊಳೆ ಸಮೃದ್ಧವಾಗಿದೆ ಅಂತ ಯಾರಿಗಾದರೂ ಅನ್ನಿಸಬೇಕು. ಆದರೆ ಹೆಚ್ಚಿದ್ದು ನೀಲಿ ರೆಕ್ಕೆಯ ಮಶೀರ್. 1970ರ ದಶಕದಿಂದ ಲೋನಾವಳದ ಟಾಟಾ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ಕಾವೇರಿಗೆ ತಂದು ಬಿಟ್ಟಿದ್ದರಲ್ಲ, ಅದರ ಸಂತಾನ. ಕಾವೇರಿಯದ್ದೇ ಆದ ಡುಬ್ಬದ ಮಶೀರ್ ಆ ಲೆಕ್ಕದಲ್ಲಿ ಹೆಚ್ಚುಕಮ್ಮಿ ಮಾಯವಾಗಿತ್ತು.

1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ನಮ್ಮ ಕಾವೇರಿ ಕೊಳ್ಳದಲ್ಲಿ 120 ಪೌಂಡಿನ ಮಶೀರ್ ಹಿಡಿದಿದ್ದರು, ಅಂದರೆ 54 ಕೆಜಿ. ಈ ಡುಬ್ಬದ ಮೀನಿನ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿಯೈ ಅಂತ ಖಚಿತವಾಗಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಕೆಂಪು ಪಟ್ಟಿಗೂ ಸೇರಿತು. ನಾಮಕರಣದ ದಿನವೇ ಆಸ್ಪತ್ರೆಗೆ ಸೇರಿಸಿದ ಹಾಗೆ!

ನನ್ನ ವಾದ ಇಷ್ಟೇ. "ಎಷ್ಟು ಬಿತ್ತು?" ಅನ್ನೋದು ಒಳ್ಳೆಯ ಎರೆಗೆ ಅಳತೆಯೇ ಅಲ್ಲ. ಅದೇ ಪ್ರಶ್ನೆ ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿದ್ದು. "ಬಿಟ್ಟ ಮೀನು ಹೇಗೆ ಹೋಯಿತು? ಹೋಗಿದ್ದು ಯಾವ ಮೀನು?" ಅಂತ ಕೇಳಬೇಕು. ಮೊದಲನೆಯದಕ್ಕೆ ಪುಕ್ಕ ಮತ್ತು ಮುಳ್ಳು ಒತ್ತಿದ ಒಂಟಿ ಗಾಳ. ಎರಡನೆಯದಕ್ಕೆ ಜೇಬಲ್ಲೊಂದು ಪುಟ್ಟ ನೋಟ್‌ಬುಕ್. ಗಾಳಿಬೋರೆಯವರು ಬರೆದಿಡದೇ ಇದ್ದಿದ್ದರೆ ಡುಬ್ಬದ ಮಶೀರ್ ಹೋಗಿದ್ದು ಗೊತ್ತೇ ಆಗುತ್ತಿರಲಿಲ್ಲ.

ದಾರ ಗಟ್ಟಿಯದ್ದೇ ಇರಲಿ, ತೆಳು ದಾರದಲ್ಲಿ ಅರ್ಧ ಗಂಟೆ ಆಡಿಸಿ ಸುಸ್ತು ಮಾಡುವುದು ಶೌರ್ಯ ಅಲ್ಲ. ಏಪ್ರಿಲ್-ಮೇ ನಡುಮಧ್ಯಾಹ್ನ ನೀರು ಕಾದು ಉಸಿರಿಗೆ ಕಡಿಮೆ ಇರುತ್ತೆ, ಆಗ ಮೀನನ್ನು ಬಿಟ್ಟುಬಿಡಿ. ಫೋಟೋಗೆ ಎತ್ತಿ ಎದೆಗೆ ಒತ್ತಿಕೊಳ್ಳಬೇಡಿ, ನೀರಲ್ಲೇ ಹಿಡಿದು ತೆಗೆಯಿರಿ. ಇನ್ನು ಎಚ್.ಡಿ.ಕೋಟೆ ಕಡೆ ಕಬಿನಿ ಹಿನ್ನೀರಿಗೆ ಹೋಗುವವರು, ನಾಗರಹೊಳೆ-ಬಂಡೀಪುರದ ಕಾಡಿನೊಳಗೆ ಪುಕ್ಕವೂ ಬೇಡ, ರಾಗಿಯೂ ಬೇಡ, ಅಲ್ಲಿ ಗಾಳ ಹಾಕುವಂತೆಯೇ ಇಲ್ಲ.

ಇಡೀ ದಿನಕ್ಕೆ ಒಂದೇ ಮೀನು ಬಿತ್ತು ಅಂತ ಗೆಳೆಯರು ನಗಬಹುದು. ನಗಲಿ ಬಿಡಿ. ರಾಗಿ ಮುದ್ದೆ ಬಸ್ಸಾರಿನ ಜೊತೆ ನಮ್ಮ ತಟ್ಟೆಯಲ್ಲೇ ಚೆನ್ನ. ನೀವೇನಂತೀರಿ?